ಕೊಡೆಯ ಮೇಲಿನ ಕಾಗದ

ನೀಲಿ ಕೊಡೆಗೆ ಅಂಟಿಸಿದ್ದ ಕಾಗದದಲ್ಲಿ ‘ಕೊತ್ತಂಬರಿ ಸೊಪ್ಪು ತಿನ್ನುವುದಿಲ್ಲ’ ಎಂಬ ಸಾಲಿಗೆ ಬಂದಾಗ ಯಾನ್‌ಪಿಂಗ್‌ಳ ಮುಖದ ಮೇಲಿದ್ದ ನಗು ಹೋಯಿತು. ಅಲ್ಲಿಯವರೆಗೂ ಅವಳು ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವಳ ಹಾಗೆ ಖುಷಿಯಿಂದಲೇ ಓದುತ್ತಿದ್ದಳು. ಈಗ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹೆಣ್ಣು. ಹುಟ್ಟಿದ್ದು ಹಾವಿನ ವರ್ಷ, ಹತ್ತನೇ ತಿಂಗಳು. ಊರು ಲೋಯಾಂಗ್. ಎತ್ತರ ಒಂದು ಮೀಟರ್ ಅರವತ್ತಮೂರು. ಬೇರಿಂಗ್ ಕಾರ್ಖಾನೆಯಲ್ಲಿ ಮಾರಾಟ ವಿಭಾಗದ ಉಪಮುಖ್ಯಸ್ಥೆ. ಎಡಗಿವಿಯ ಕೆಳಗೆ ಸಣ್ಣ ಮಚ್ಚೆ. ಬಾಯಿ ಜೋರು, ಮನಸ್ಸು ಮೆದು. ಕೊತ್ತಂಬರಿ ಸೊಪ್ಪು ತಿನ್ನುವುದಿಲ್ಲ. ಅವಳ ಕೈ ತಾನಾಗಿಯೇ ಎಡಗಿವಿಯ ಕೆಳಗೆ ಹೋಯಿತು.

ಶಾಂಘೈಗೆ ಅವಳು ಬಂದದ್ದು ಊರು ನೋಡಲಿಕ್ಕಲ್ಲ. ಲಿಫ್ಟ್ ತಯಾರಿಸುವ ಕಂಪನಿಯೊಂದಕ್ಕೆ ಬೇರಿಂಗಿನ ಮಾದರಿಗಳನ್ನು ತೋರಿಸಿ ಒಪ್ಪಂದಕ್ಕೆ ಮೊಹರು ಹಾಕಿಸಿಕೊಂಡು ಹೋಗಬೇಕಿತ್ತು. ಎರಡು ದಿನ ಮೀಟಿಂಗ್ ರೂಮಿನ ಗೋಡೆ ಬಿಟ್ಟರೆ ಬೇರೇನೂ ಕಣ್ಣಿಗೆ ಬಿದ್ದಿರಲಿಲ್ಲ. ಶನಿವಾರ ಹನ್ನೊಂದಕ್ಕೆ ಮೊಹರು ಬಿತ್ತು. ರೈಲು ಇದ್ದದ್ದು ನಾಲ್ಕೂವರೆಗೆ. ಜೊತೆಯಲ್ಲಿ ಬಂದಿದ್ದ ಇಂಜಿನಿಯರ್ ಗೆಂಗ್ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು, ಶಾಂಘೈ ಅವನಿಗೂ ಮೊದಲ ಸಲ. ನದಿಯ ದಂಡೆಯಲ್ಲಿ ಹಿಂದೆ ಮುಂದೆ ತಿರುಗಿ ಇಪ್ಪತ್ತು ಫೋಟೊ ತೆಗೆಸಿಕೊಂಡ. ಎದುರು ದಡದ ಗೋಪುರಗಳು ಅರ್ಧದಿಂದ ಮೇಲಕ್ಕೆ ಮೋಡದಲ್ಲಿ ಮುಳುಗಿದ್ದವು. ಅಷ್ಟಾದರೂ ಅವನಿಗೆ ಮೇಲೆ ಹತ್ತಲೇಬೇಕಂತೆ.

“ಮೇಲೆ ಹೋಗಿ ಏನ್ ನೋಡ್ತೀಯೋ? ಬರೀ ಮೋಡ,” ಎಂದಳು.

“ಟಿಕೆಟ್ ತಗೊಂಡಾಗಿದೆ ಅಕ್ಕಾ, ಮೋಡಾನೇ ನೋಡ್ಕೊಂಡ್ ಬರ್ತೀನಿ. ನೀವು ಜನತಾ ಪಾರ್ಕಿಗೆ ಹೋಗಿ. ಇವತ್ತು ಶನಿವಾರ, ಮದುವೆಗೆ ಗಂಡು ಹೆಣ್ಣು ಹುಡುಕೋ ಸಂತೆ ಇರತ್ತೆ. ನಮಗೊಬ್ಬ ಭಾವನ್ನ ಆರಿಸ್ಕೊಂಡ್ ಬನ್ನಿ.”

“ಅಲ್ಲಿರೋವ್ರೆಲ್ಲಾ ಮುದುಕೀರು. ನಿನಗೇ ಒಬ್ಬಳು ಅತ್ತೇನ ಹಿಡ್ಕೊಂಡ್ ಬರ್ತೀನಿ, ಸುಮ್ನಿರು.”

ಬಾಯಲ್ಲಿ ಹಾಗೆ ಹೇಳಿದರೂ ಕಾಲು ಅವಳನ್ನು ಅಲ್ಲಿಗೇ ತಂದಿತ್ತು. ಈ ಪಾರ್ಕಿನ ಹೆಸರು ಅವಳಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಅವಳ ಅಮ್ಮ, ಕಾರ್ಖಾನೆಯ ಕ್ಯಾಂಟೀನಿನಿಂದ ನಿವೃತ್ತರಾದವರ ಗುಂಪಿನ ಜೊತೆ ಶಾಂಘೈ ಪ್ರವಾಸಕ್ಕೆ ಬಂದವಳು, ಗೋಪುರ ನೋಡಲಿಲ್ಲ, ನದಿ ನೋಡಲಿಲ್ಲ. ಎರಡು ಮಧ್ಯಾಹ್ನ ಇದೇ ಪಾರ್ಕಿನಲ್ಲಿ ಕೂತು, ಮಗಳ ವಿವರವನ್ನು ಕಾಗದದಲ್ಲಿ ಬರೆದು ಕೊಡೆಯ ಮೇಲೆ ಅಂಟಿಸಿ, ಬರುವ ಹೋಗುವ ಗಂಡಿನ ಕಡೆಯವರಿಗೆ ತೋರಿಸಿ ವಾಪಸಾಗಿದ್ದಳು. ಗೊತ್ತಾದ ದಿನ ಮನೆಯಲ್ಲಿ ದೊಡ್ಡ ರಂಪ. “ನನ್ನನ್ನೇನು ಮೂಲಂಗಿ ಅನ್ಕೊಂಡ್ಯಾ, ಸಂತೇಲಿ ಇಡೋಕೆ?” ಎಂದು ಯಾನ್‌ಪಿಂಗ್ ಕೂಗಾಡಿದ್ದಳು. “ಮೂಲಂಗಿಯಾದ್ರೂ ಸಂಜೆಯೊಳಗೆ ಖರ್ಚಾಗತ್ತೆ,” ಎಂದಿದ್ದಳು ಅಮ್ಮ, ಹಿಟ್ಟು ನಾದುತ್ತಾ.

ಆಮೇಲೂ ಅಮ್ಮ ಬಿಟ್ಟವಳಲ್ಲ. ದಿನಕ್ಕೆ ನಾಲ್ಕು ಮೆಸೇಜು, ಒಬ್ಬ ದಂತವೈದ್ಯ, ಒಬ್ಬ ರೈಲ್ವೆಯವನು, ಪ್ರತಿಯೊಂದರ ಕೊನೆಗೂ ಒಂದು ಗುಲಾಬಿ ಹೂವಿನ ಚಿತ್ರ. ಬೈಗುಳ ಬರೆದರೂ ಕೊನೆಗೆ ಗುಲಾಬಿ ಇರಲೇಬೇಕು. ಒಂದು ಜನವರಿಯಲ್ಲಿ, ಮೀಟಿಂಗಿನ ನಡುವೆ ಏಳನೇ ಮೆಸೇಜು ಬಂದಾಗ ಯಾನ್‌ಪಿಂಗ್ ಅಮ್ಮನನ್ನು ಬ್ಲಾಕ್ ಮಾಡಿದಳು. ಒಂದು ವಾರ ಬಿಟ್ಟು ತೆಗೆದರಾಯಿತು ಎಂದುಕೊಂಡಿದ್ದಳು. ಕೋಪ ವಾರದಲ್ಲಿ ಇಳಿಯಲಿಲ್ಲ. ಹನ್ನೊಂದನೇ ದಿನ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಳು, ಮತ್ತೆ ಏಳಲಿಲ್ಲ.

ಆ ಹನ್ನೊಂದು ದಿನ ಅಮ್ಮ ಏನೇನು ಬರೆದಳೋ, ಬೈದಳೋ, ಕರೆದಳೋ, ಅದು ತನಗೆ ಯಾವತ್ತೂ ತಿಳಿಯುವುದಿಲ್ಲ ಎಂಬ ಸಂಕಟ ಎರಡು ವರ್ಷದಿಂದ ಅವಳನ್ನು ತಿನ್ನುತ್ತಿತ್ತು. ಬ್ಲಾಕ್ ತೆಗೆಯುವುದಕ್ಕೂ ಧೈರ್ಯ ಬಂದಿರಲಿಲ್ಲ. ತೆಗೆದು ನೋಡಿ, ಅಲ್ಲಿ ಏನೂ ಇಲ್ಲವೆಂದಾದರೆ ಮುಗಿದೇ ಹೋಯಿತಲ್ಲ. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ, ಅಪ್ಪನಿಗೂ. ಅಮ್ಮನ ಕನ್ನಡಕ, ಇಸ್ಪೀಟು ಕಟ್ಟು ಮತ್ತು ಫೋನನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅಪ್ಪನೇ ಬೂದಿಯ ಪೆಟ್ಟಿಗೆಯ ಪಕ್ಕ ಗೋರಿಯೊಳಗೆ ಇಟ್ಟಿದ್ದ. ಮೇಲಿನ ಕಲ್ಲು ಮುಚ್ಚುವಾಗ ಯಾನ್‌ಪಿಂಗ್ ಅಲ್ಲೇ ಇದ್ದಳು.

ಅವಳಿಗೆ ಉಪಮುಖ್ಯಸ್ಥೆಯ ಹುದ್ದೆ ಸಿಕ್ಕಿದ್ದು ಹೋದ ತಿಂಗಳು.

ಪಾರ್ಕಿನ ದಾರಿಯ ಎರಡೂ ಬದಿಗೆ ಕೊಡೆಗಳು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದವು. ಒಂದೊಂದು ಕೊಡೆಗೆ ಒಬ್ಬ ಮಗ ಅಥವಾ ಒಬ್ಬಳು ಮಗಳು, ಹೆಸರಿಲ್ಲ, ಮುಖವಿಲ್ಲ, ಹುಟ್ಟಿದ ವರ್ಷ ಮತ್ತು ಎತ್ತರ ಮಾತ್ರ. ಅಷ್ಟು ಜನ ಸೇರಿದ್ದರೂ ಗದ್ದಲವಿರಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮಾತಾಡುವಂತೆ ಎಲ್ಲರೂ ಗುಸುಗುಸು ಮಾತಾಡುತ್ತಿದ್ದರು. ಯಾರ ಬಗ್ಗೆ ಮಾತು ನಡೆದಿತ್ತೋ ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಯಾನ್‌ಪಿಂಗ್ ನಡೆದಲ್ಲೆಲ್ಲ ಮುದುಕ ಮುದುಕಿಯರು ಅವಳ ಕಾಲಿನಿಂದ ತಲೆಯವರೆಗೆ ಕಣ್ಣಲ್ಲೇ ಅಳೆದು ಸುಮ್ಮನಾಗುತ್ತಿದ್ದರು.

ಈ ನೀಲಿ ಕೊಡೆಯ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದವಳು ಎಪ್ಪತ್ತರ ಆಸುಪಾಸಿನ ಸಣ್ಣ ಹೆಂಗಸು. ಕೊಡೆಯ ಮೇಲೆ ಎರಡು ಕಾಗದಗಳಿದ್ದವು, ಒಂದು ಅವಳ ಮಗನದು, ಇನ್ನೊಂದು ಇದು. ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದವಳು ತಲೆಯೆತ್ತಿ ಯಾನ್‌ಪಿಂಗ್‌ಳ ಕಿವಿಯ ಬುಡವನ್ನೇ ನೋಡಿದಳು.

“ಬಂದ್ಯಾ?” ಎಂದಳು. “ಬಂದ್ರೂ ಬರಬಹುದು ಅಂತ ನಿಮ್ಮಮ್ಮ ಹೇಳಿದ್ರು.”

“ಯಾರು?”

“ನಿಮ್ಮಮ್ಮ ಕಣೇ. ಶಾಂಘೈನಲ್ಲಿ ಅವಳಿಗೆ ಕೆಲಸ ಇದೆ, ಆ ಕಡೆ ಬಂದ್ರೆ ಬೈಬೇಡಿ, ಬಾಯಿ ಜೋರಷ್ಟೇ ಅಂತ. ನನ್ನನ್ನ ಪಾನ್ ಚಿಕ್ಕಮ್ಮ ಅನ್ನು. ಕೂತ್ಕೋ, ಊಟ ಆಯ್ತಾ?”

“ಚಿಕ್ಕಮ್ಮ, ಯಾವಾಗ ಹೇಳಿದ್ರು?”

“ಮೊನ್ನೆ, ಗುರುವಾರ. ಹೇಳಿದ್ರು ಅಂದ್ರೆ ಬರೆದ್ರು. ಆ ಸಲ ಇಲ್ಲಿ ಎರಡು ದಿನ ನನ್ ಪಕ್ಕಾನೇ ಕೂತಿದ್ರಲ್ಲ, ಸ್ನೇಹ ಆಯ್ತು. ಊರಿಗೆ ಹೋಗೋವಾಗ, ನೀವು ಹೇಗೂ ಪ್ರತಿ ಶನಿವಾರ ಬರ್ತೀರಿ, ನನ್ ಮಗಳದ್ದೂ ನಿಮ್ ಕೊಡೆ ಮೇಲಿರ್ಲಿ ಅಂದ್ರು. ಒಂದನೇ ತಾರೀಕು ಬಂತು ಅಂದ್ರೆ ಏನ್ ತಿದ್ದಬೇಕು ಅಂತ ಬರೀತಾರೆ. ತೂಕ ಇಳಿದಿದೆ, ತಿದ್ದಿ. ಹುದ್ದೆ ಏರಿದೆ, ತಿದ್ದಿ. ನನ್ ಮಗನಿಗೆ ತಿದ್ದೋಕೆ ಏನೂ ಇರಲ್ಲ, ವಯಸ್ಸೊಂದು ಬಿಟ್ರೆ.”

ಯಾನ್‌ಪಿಂಗ್ ಕೂರಲಿಲ್ಲ. “ಚಿಕ್ಕಮ್ಮ, ಅಮ್ಮ ತೀರ್ಕೊಂಡು ಎರಡು ವರ್ಷ ಆಯ್ತು,” ಎಂದಳು.

ಪಾನ್ ಚಿಕ್ಕಮ್ಮನ ಹಲ್ಲಿನ ನಡುವೆ ಒಂದು ಬೀಜ ಹಾಗೇ ನಿಂತಿತು. ಪಕ್ಕದ ಕೊಡೆಯವನು, ಟೋಪಿ ಹಾಕಿದ ಮುದುಕ, ಇಬ್ಬರನ್ನೂ ಒಮ್ಮೆ ನೋಡಿ, ತನ್ನ ಮಗಳ ಕೊಡೆಯನ್ನು ಎರಡು ಮಾರು ಆಚೆಗೆ ಎಳೆದುಕೊಂಡ.

“ಹಂಗೆಲ್ಲಾ ಅನ್ನಬಾರದಮ್ಮ,” ಎಂದಳು ಪಾನ್ ಚಿಕ್ಕಮ್ಮ ಕೊನೆಗೆ. “ಅಮ್ಮನ ಮೇಲೆ ಎಷ್ಟೇ ಕೋಪ ಇದ್ರೂ.”

“ನಾನೇ ಹೂಳಿ ಬಂದಿದೀನಿ.”

“ಹಾಗಾದ್ರೆ ಇದು ಯಾರು?” ಚಿಕ್ಕಮ್ಮ ಸೊಂಟದ ಚೀಲದಿಂದ ಫೋನು ತೆಗೆದು ಅವಳ ಕೈಗೆ ಕೊಟ್ಟಳು.

ಅಮ್ಮನ ಹೆಸರು, ಪಕ್ಕದಲ್ಲಿ ಅಮ್ಮನೇ ತೆಗೆದಿದ್ದ ಕೆಂಪು ಪಿಯೋನಿ ಹೂವಿನ ಚಿತ್ರ. ಯಾನ್‌ಪಿಂಗ್ ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದಳು. ಎಲ್ಲೂ ಪೂರ್ಣವಿರಾಮವಿಲ್ಲ, ಎಲ್ಲದರ ಕೊನೆಗೂ ಗುಲಾಬಿ. ಅಮ್ಮ ಸತ್ತ ತಿಂಗಳ ಮೆಸೇಜೂ ಇತ್ತು, ಮುಂದಿನ ತಿಂಗಳದ್ದೂ ಇತ್ತು, ಒಂದೂ ತಪ್ಪಿರಲಿಲ್ಲ. ಅಪ್ಪನೇ ಇರಬೇಕು, ಬೇರೆ ಯಾರು, ಎಂದುಕೊಂಡಳು. ಹುದ್ದೆ ಏರಿದ್ದು ಅಪ್ಪನಿಗೆ ಗೊತ್ತು, ಶಾಂಘೈಗೆ ಬರುವುದೂ ಗೊತ್ತು. ಪಾಪ, ಅಮ್ಮನ ಆಸೆ ನಿಲ್ಲಬಾರದೆಂದು ಬೇರೆ ಯಾವುದೋ ಫೋನಿನಲ್ಲಿ ಅವಳ ಖಾತೆ ತೆರೆದುಕೊಂಡು ಬರೆಯುತ್ತಿರಬೇಕು. ಎದೆ ಸ್ವಲ್ಪ ಹಗುರಾಯಿತು, ಅಪ್ಪನ ಮೇಲೆ ಅಕ್ಕರೆಯೂ ಬಂತು. ಆಗ ಹೋದ ವರ್ಷದ ಒಂದು ಮೆಸೇಜು ಕಣ್ಣಿಗೆ ಬಿತ್ತು.

‘ಅವಳಿಗೆ ನನ್ನ ಮೇಲೆ ಕೋಪ ನಾನು ಬರೆದದ್ದು ಯಾವುದೂ ಅವಳಿಗೆ ಹೋಗುವುದಿಲ್ಲ ಬಾಗಿಲು ಹಾಕಿಕೊಂಡಿದ್ದಾಳೆ ಅದಕ್ಕೇ ನಿಮಗೆ ಬರೆಯುತ್ತೇನೆ ಅಕ್ಕಾ’. ಆಮೇಲೆ ಗುಲಾಬಿ.

ಬ್ಲಾಕ್ ಮಾಡಿದ್ದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ತನ್ನ ಫೋನು ತೆಗೆದು ಅಪ್ಪನಿಗೆ ವಿಡಿಯೊ ಕರೆ ಮಾಡಿದಳು. ಅಪ್ಪ ಫೋನನ್ನು ಊಟದ ಮೇಜಿನ ಮೇಲೆ ವಿನೆಗರ್ ಬಾಟಲಿಗೆ ಒರಗಿಸಿಟ್ಟ. ಮುಖ ಅರ್ಧ ಕಂಡಿತು, ಅವರೆಯಂಥ ದಪ್ಪ ಕಾಳುಗಳ ಗುಡ್ಡೆ ಕಂಡಿತು, ಸಿಪ್ಪೆ ಬಿಡಿಸುವ ಎರಡೂ ಕೈ ಕಂಡವು.

“ಏನ್ ಪಿಂಗ್‌ಪಿಂಗ್, ಆಯ್ತಾ ಕೆಲಸ? ಗೋಪುರ ನೋಡಿದ್ಯಾ?”

“ನೋಡ್ದೆ ಅಪ್ಪಾ. ಅಪ್ಪಾ, ಅಮ್ಮನ ಫೋನು...”

“ಏನದು? ಜೋರಾಗ್ ಮಾತಾಡು.”

“ಅಮ್ಮನ ಫೋನು ನಿಜವಾಗ್ಲೂ ಒಳಗೇ ಇಟ್ಟಿದ್ಯಾ?”

ಅಪ್ಪ ಕಾಳು ಬಿಡಿಸುವುದನ್ನು ನಿಲ್ಲಿಸಿ ತೆರೆಯ ಹತ್ತಿರ ಬಗ್ಗಿದ. “ನೀನೇ ಇದ್ಯಲ್ಲ ಪಕ್ಕದಲ್ಲಿ. ಚಾರ್ಜರ್ರೂ ಇಡು ಅಂತ ನಿಮ್ಮ ದೊಡ್ಡಮ್ಮ ಗಲಾಟೆ ಮಾಡಿದ್ಲು, ಅಲ್ಲೆಲ್ಲಿ ಚುಚ್ತಾಳೆ ಅಂತ ನಾನೇ ಬೈದೆ. ಯಾಕೆ ಈಗ?”

“ನೀನು ಯಾರಿಗಾದ್ರೂ ಅಮ್ಮನ ಹೆಸರಲ್ಲಿ ಬರೀತೀಯಾ?”

“ನಾನಾ? ನನ್ ಕೈಯಲ್ಲಿ ಆ ಗೀಚೋದೆಲ್ಲ ಆಗತ್ತೇನೇ? ನಿನಗೇ ಕಿರುಚಿ ಕಳಿಸ್ತೀನಿ.” ಅದು ನಿಜ. ಅಪ್ಪ ಇದುವರೆಗೂ ಒಂದಕ್ಷರ ಬರೆದು ಕಳಿಸಿದವನಲ್ಲ, ಎಲ್ಲವೂ ಧ್ವನಿಯಲ್ಲೇ. ಮತ್ತೆ ಕಾಳಿಗೆ ಕೈ ಹಾಕಿದ. “ಹುಷಾರಿಲ್ವಾ ಮಗಾ? ಧ್ವನಿ ಯಾಕೋ ಒಂಥರಾ ಇದೆ.”

“ಹುಷಾರಾಗೇ ಇದೀನಿ. ಫೋನ್ ಇಡಬೇಡ ಅಪ್ಪಾ, ಹಾಗೇ ಇರು. ನೀನು ಕಾಳು ಬಿಡಿಸ್ತಿರು.”

ಅಷ್ಟರಲ್ಲಿ ಪಾನ್ ಚಿಕ್ಕಮ್ಮ ತನ್ನ ಫೋನನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಿದ್ದಳು. ಹೆದರಿಕೆಯಿದ್ದರೂ ಹಟದ ಹೆಂಗಸು. ಒಂದೇ ಬೆರಳಿನಿಂದ ಬರೆದು ಕಳಿಸಿದಳು. ‘ನಿಮ್ಮ ಹುಡುಗಿ ಬಂದಿದ್ದಾಳೆ. ನನ್ನೆದುರಿಗೇ ನಿಂತಿದ್ದಾಳೆ.’ ಇಬ್ಬರೂ ತಲೆಗೆ ತಲೆ ತಾಗಿಸಿ ತೆರೆಯನ್ನು ನೋಡಿದರು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲ್ಗಡೆ ಅಮ್ಮನ ಹೆಸರು ಮಾಯವಾಗಿ, ಅದರ ಜಾಗದಲ್ಲಿ ‘ಬರೆಯುತ್ತಿದ್ದಾರೆ’ ಎಂದು ಬಂತು.

ಯಾನ್‌ಪಿಂಗ್ ತನ್ನ ಫೋನಿನ ಕಡೆ ನೋಡಿದಳು. ಅಪ್ಪನ ಎರಡು ಕೈಗಳೂ ಅಲ್ಲೇ ಇದ್ದವು. ಒಂದು ಕಾಳು ಜಾರಿ ಬಿತ್ತು, ಹೆಕ್ಕಿಕೊಂಡ.

“ಬರೀತಾ ಇದಾರೆ ಕಣೇ,” ಎಂದಳು ಚಿಕ್ಕಮ್ಮ ಪಿಸುಮಾತಿನಲ್ಲಿ. “ನಿಧಾನ. ಯಾವಾಗ್ಲೂ ಹೀಗೇ, ತುಂಬಾ ಹೊತ್ತು ತಗೋತಾರೆ. ಕೆಲವು ಸಲ ಬರೆದೂ ಬರೆದೂ ಕಳಿಸೋದೇ ಇಲ್ಲ.”

“ಏನಂತ ಕಳಿಸ್ತಾರೆ?”

“ನನಗೇನ್ ಗೊತ್ತಮ್ಮ? ನಾನು ಬರೀ ತಿದ್ದೋಳು.”

ಹೆದರಿಕೆ ಆಯಿತೇ ಎಂದರೆ ಆಯಿತು. ಓಡಿಹೋಗಿ ಮೆಟ್ರೊ ಹತ್ತಿ, ಗೆಂಗ್‌ನ ಮೋಡದ ಫೋಟೊಗಳನ್ನು ನೋಡುತ್ತಾ ನಗಬೇಕು ಎನಿಸಿತು. ಆದರೆ ಹೆದರಿಕೆಗಿಂತ ಒಂದು ಗೇಣು ಮುಂದೆ ಇನ್ನೊಂದು ಆಸೆ ನಿಂತಿತ್ತು. ಆ ಮಾತು ಯಾರೋ ಮೂರನೆಯವರ ಫೋನಿಗೆ ಬರಬಾರದು, ತನಗೇ ಬರಬೇಕು, ಬೈಗುಳವಾದರೂ ಸರಿ. ಅವಳು ಅಪ್ಪನ ಚಿತ್ರವನ್ನು ಚಿಕ್ಕದು ಮಾಡಿ ಮೂಲೆಗೆ ಸರಿಸಿ, ಬ್ಲಾಕ್ ಮಾಡಿದವರ ಪಟ್ಟಿ ತೆರೆದಳು. ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಬೆರಳು ಒದ್ದೆಯಾಗಿದ್ದರಿಂದ ಎರಡು ಸಲ ಒತ್ತಬೇಕಾಯಿತು.

ಎರಡು ವರ್ಷದಿಂದ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ ಕ್ಷಮೆಯ ಮಾತುಗಳಲ್ಲಿ ಒಂದೂ ಕೈಗೆ ಬರಲಿಲ್ಲ. ‘ಅಮ್ಮಾ’ ಎಂದಷ್ಟೇ ಬರೆದು ಕಳಿಸಿದಳು.

“ಅಯ್ಯೋ, ನಿಂತೋಯ್ತು,” ಎಂದಳು ಪಾನ್ ಚಿಕ್ಕಮ್ಮ. ಅವಳ ಫೋನಿನಲ್ಲಿ ಹಳೆಯ ಹೆಸರು ಮೊದಲಿನಂತೆ ಬಂದು ಕೂತಿತ್ತು.

ಯಾನ್‌ಪಿಂಗ್ ತನ್ನ ತೆರೆಯನ್ನೇ ನೋಡುತ್ತಿದ್ದಳು. ಅವಳ ಫೋನಿನ ಮೂಲೆಯಲ್ಲಿ ಅಪ್ಪ ತಲೆ ತಗ್ಗಿಸಿ, ಎರಡೂ ಕೈಯಿಂದ ಒಂದೊಂದೇ ಕಾಳಿನ ಸಿಪ್ಪೆ ಸುಲಿಯುತ್ತಿದ್ದ. ಅದರ ಮೇಲ್ಗಡೆ, ಅಮ್ಮ ಎಂಬ ಹೆಸರಿದ್ದಲ್ಲಿ, ‘ಬರೆಯುತ್ತಿದ್ದಾರೆ’ ಎಂದು ಬಂತು. ಹೋಯಿತು. ಮತ್ತೆ ಬಂತು.