ಕಮಲಕ್ಕನ ಸೀಡರ್ ಪೆಟ್ಟಿಗೆ

ಸಂಕಪ್ಪ ರೈಗಳು ಫೋನಿನಲ್ಲಿ ಮೊದಲು ಹೇಳಿದ್ದು ಬೆಲೆ, ಆಮೇಲೆ ಸಾಮಾನು. "ನೆಬೀಸಕ್ಕ, ನಾಲ್ಕು ಲಕ್ಷದ ಒಂದು ಪೆಟ್ಟಿಗೆ ಉಂಟು. ಬಂದು ಬೆಲೆ ಕಟ್ಟಿ ಕೊಡ್ಬೇಕು ಮಾರಾಯ್ತಿ."

ಬೆಲೆ ಗೊತ್ತಿದ್ದವರು ಬೆಲೆ ಕಟ್ಟುವವಳನ್ನು ಕರೆಯುವುದು ಯಾಕೆ ಎಂದು ನಾನು ಕೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಕಬಕದಲ್ಲಿ ಹಳೆ ಮರದ ಸಾಮಾನಿನ ಅಂಗಡಿ ನಡೆಸುತ್ತಿದ್ದೇನೆ. ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಕಾಲು ಮುರಿದ ಮೇಜು ತಂದು ಅರಮನೆಯದ್ದು ಅನ್ನುತ್ತಾರೆ. ಮೊಬೈಲಿನಲ್ಲಿ ಯಾವುದೋ ದೇಶದ ಮೇಜಿನ ಚಿತ್ರ ತೋರಿಸಿ ಅಷ್ಟೇ ರೇಟು ಕೊಡಿ ಅನ್ನುತ್ತಾರೆ. ಆ ದೇಶದಲ್ಲೇ ಹೋಗಿ ಮಾರಿ ಎಂದು ಹೇಳಿ ಕಳಿಸುತ್ತೇನೆ.

ಆದರೆ ಈ ಪೆಟ್ಟಿಗೆ ನನಗೆ ಗೊತ್ತಿತ್ತು. ಹೋದ ವರ್ಷ ರೈಗಳ ತಾಯಿ ಕಮಲಕ್ಕ ಬದುಕಿದ್ದಾಗ ನನ್ನನ್ನು ನರಿಮೊಗರಿನ ಮನೆಗೆ ಕರೆಸಿ ತೋರಿಸಿದ್ದರು. ಕಡಬದ ಆಚೆ ರಬ್ಬರ್ ತೋಟವೊಂದರಲ್ಲಿ ಅವರ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರಂತೆ. ಊರು ಬಿಟ್ಟು ಹೋಗುವಾಗ ತೋಟದ ಬಿಳಿ ದೊರೆಯ ಹೆಂಡತಿ ಕೊಟ್ಟ ಪೆಟ್ಟಿಗೆ ಅದು. ಆ ಬಿಳಿಯರ ಕಡೆ ಹೆಣ್ಣುಮಗು ಹುಟ್ಟಿದರೆ ಮದುವೆಯ ತನಕ ಬಟ್ಟೆಬರೆ ಒಟ್ಟು ಮಾಡುವುದು ಇಂಥ ಪೆಟ್ಟಿಗೆಯಲ್ಲಂತೆ. ಕಮಲಕ್ಕನೂ ಮಗಳು ಸುಂದರಿಗೆ ಹಾಗೆಯೇ ಮಾಡಿದರು. ಮದುವೆಯಾಗಿ ಸುಂದರಿ ಜಾಲ್ಸೂರಿಗೆ ಹೋದ ಮೇಲೆ ತಮ್ಮ ಸೀರೆಗಳನ್ನು ಅದರಲ್ಲೇ ಇಟ್ಟುಕೊಂಡರು.

ನಾನು ಅಂದು ಮುಚ್ಚಳ ಎತ್ತಿದಾಗ ಬಂದ ಪರಿಮಳ ಈಗಲೂ ನೆನಪುಂಟು. ಸೀಡರ್ ಅಂದರೆ ದೇವದಾರಿನಂಥ ವಿದೇಶಿ ಮರ. ಅದರ ಒಳ್ಳೆಯ ಪೆಟ್ಟಿಗೆಗೆ ಹೊರಗೆ ಪಾಲಿಶ್ ಇದ್ದರೂ ಒಳಗೆ ಏನೂ ಹಚ್ಚುವುದಿಲ್ಲ. ಮರ ಬರಿದಾಗಿ ಉಸಿರಾಡುತ್ತಿದ್ದರೆ ಪರಿಮಳ ಉಳಿಯುತ್ತದೆ, ಹುಳ ಬರುವುದಿಲ್ಲ. ಹಿತ್ತಾಳೆಯ ಬೀಗವೂ ಮೊದಲಿನದ್ದೇ. ನಾನು ಎಂಬತ್ತು ಸಾವಿರ ಅಂದೆ. ಕಮಲಕ್ಕ ನಕ್ಕರು. "ಮಾರ್ಲಿಕ್ಕೆ ಅಲ್ಲ ನೆಬೀಸ, ಗೊತ್ತಿರ್ಲಿ ಅಂತ ಕೇಳಿದ್ದು. ಇದು ಸುಂದರಿಗೆ" ಎಂದರು. ಮೂರು ತಿಂಗಳ ಹಿಂದೆ ಹೋದರು.

ಎಂಬತ್ತು ಸಾವಿರ ನಾಲ್ಕು ಲಕ್ಷವಾದ ಕತೆ ನರಿಮೊಗರಿನಲ್ಲಿ ಆಟೋ ಇಳಿದ ಹತ್ತು ನಿಮಿಷದಲ್ಲಿ ತಿಳಿಯಿತು. ಕಮಲಕ್ಕನ ಹೆಸರಿನಲ್ಲಿ ರಸ್ತೆ ಬದಿಯ ಐವತ್ತು ಸೆಂಟ್ಸ್ ಜಾಗ ಉಂಟು. ಅರ್ಧ ಮಗಳದ್ದು. ರೈಗಳು ನನ್ನನ್ನು ಅಂಗಳದ ಬದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ತಂಗಿ ಒಳಗೆ ಇದ್ದಾಳೆ. ಪೆಟ್ಟಿಗೆ ಅವಳಿಗೆ, ಜಾಗ ನನಗೆ. ಹಕ್ಕು ಬಿಟ್ಟ ಪತ್ರ ರೆಡಿ ಉಂಟು, ಸೈ ಒಂದು ಬಾಕಿ. ನಾಳೆ ಅಣ್ಣ ಮೋಸ ಮಾಡಿದ ಅಂತ ಜನ ಹೇಳ್ಬಾರ್ದಲ್ಲ. ನಿಮ್ಮ ಅಂಗಡಿಯ ಬಿಲ್ಲಿನಲ್ಲಿ ನಾಲ್ಕು ಲಕ್ಷ ಅಂತ ಬರೆದುಕೊಡಿ. ನಿಮ್ಮದು ಎಂತ ಉಂಟು ಅದು ಕೊಡ್ತೇನೆ."

ಮೋಸ ಮಾಡುವುದಕ್ಕೆ ಇವರಿಗೆ ಅಡ್ಡಿ ಇಲ್ಲ. ಜನ ಹೇಳಬಾರದು, ಅಷ್ಟೇ. ನನಗೆ ಅಲ್ಲೇ ಉಗಿಯಬೇಕು ಅನ್ನಿಸಿತು. ಹೆಣ್ಣಿನ ಸಂತಾನಕ್ಕೇ ಆಸ್ತಿ ಎಂದು ತಲೆಮಾರುಗಟ್ಟಲೆ ನಡೆದುಕೊಂಡ ಮನೆತನ. ಸೋದರಮಾವನೇ ಯಜಮಾನ ಎಂಬ ದೊಡ್ಡಸ್ತಿಕೆಯ ಮಾತಿಗೆ ಇವರು ಯಾವಾಗಲೂ ಮುಂದೆ, ಹೆಣ್ಣಿನ ಪಾಲು ಬಂದಾಗ ಮಾತ್ರ ಮರೆವು. ಸುಂದರಿಗೋಸ್ಕರ ತಡೆದುಕೊಂಡು ಒಳಗೆ ಹೋದೆ.

ಚಾವಡಿಯ ಮಧ್ಯದಲ್ಲಿ ಕರಿ ಪೆಟ್ಟಿಗೆಯೊಂದು ಮಿರಮಿರ ಮಿಂಚುತ್ತಿತ್ತು. ಬೇರೆ ಯಾವುದೋ ಪೆಟ್ಟಿಗೆ ಎಂದುಕೊಂಡೆ. ಬೀಗ ನೋಡಿದ ಮೇಲೆ ಗೊತ್ತಾಯಿತು. ಅದರ ಹಿತ್ತಾಳೆಯ ಮೇಲೂ ಕರಿ ಹತ್ತಿತ್ತು.

"ಇದಕ್ಕೆ ಎಂತ ಹಚ್ಚಿದ್ದು?"

"ಗೇರೆಣ್ಣೆ" ಎಂದರು ರೈಗಳು, ನಾನು ಬಹುಮಾನ ಕೊಡುತ್ತೇನೇನೋ ಎಂಬಂತೆ. "ಮೂರು ಕೋಟು. ಒಳಗೂ ಹೊರಗೂ. ಇನ್ನು ಐವತ್ತು ವರ್ಷ ಗೆದ್ದಲು ಹತ್ತಿರ ಬರುದಿಲ್ಲ."

ಮನೆ ಮಾಡಿನ ಪಕ್ಕಾಸು ಮರಗಳಿಗೆ, ದನದ ಹಟ್ಟಿಯ ಕಂಬಕ್ಕೆ ಹಚ್ಚುವ ಎಣ್ಣೆ ಅದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವುದು. ನಮ್ಮೂರಿನವರಿಗೆ ಮರ ಅಂದರೆ ಗೆದ್ದಲು, ಗೆದ್ದಲು ಅಂದರೆ ಗೇರೆಣ್ಣೆ. ಅದರಾಚೆಗೆ ತಲೆ ಓಡುವುದಿಲ್ಲ. ಹುಳವೇ ಮುಟ್ಟದ ಮರಕ್ಕೆ ಹುಳದ ಮದ್ದು ಕುಡಿಸಿ ಬೆಲೆ ಏರಿಸಿದೆ ಎಂದು ಎದೆ ಉಬ್ಬಿಸಿ ನಿಂತಿದ್ದರು. ಬಳಿದದ್ದು ರೈಗಳ ಮಗ ಅವಿನ್. ಆ ಸೆಕೆಯಲ್ಲಿ ತುಂಬು ತೋಳಿನ ಅಂಗಿ ಹಾಕಿ ಮೂಲೆಯಲ್ಲಿ ಕೂತಿದ್ದ. ಬರಿಗೈಯಲ್ಲಿ ಬಳಿದಿರಬೇಕು, ಚರ್ಮ ಸುಡುವ ಆ ಎಣ್ಣೆ ತಾಗಿ ತೋಳಿನಿಂದ ಹೊರಗೆ ಕಂಡ ಕೈ ಪೂರ್ತಿ ಬೊಕ್ಕೆ ಎದ್ದಿತ್ತು. ಅಮೆರಿಕದಲ್ಲಿ ಸೀಡರ್ ಪೆಟ್ಟಿಗೆಗೆ ಇಷ್ಟು ಡಾಲರ್ ಎಂದು ಮೊಬೈಲಿನಲ್ಲಿ ಹುಡುಕಿಕೊಟ್ಟವನೂ ಅವನೇ. ಅದೇ ಮೊಬೈಲಿನಲ್ಲಿ ಒಳಗೆ ಎಂತ ಹಚ್ಚಬಹುದು ಎಂದು ಹುಡುಕುವಷ್ಟು ಬುದ್ಧಿ ಇರಲಿಲ್ಲ.

ಸುಂದರಿ ಅಡಿಗೆಮನೆಯಿಂದ ಬಂದಳು. ಐವತ್ತು ದಾಟಿದ ಹೆಂಗಸು, ಜಾಲ್ಸೂರಿನಿಂದ ಬೆಳಗ್ಗಿನ ಬಸ್ಸಿಗೆ ಬಂದವಳು. ಅತ್ತಿಗೆ ಅವಳನ್ನು ಅಲ್ಲಿಯವರೆಗೆ ಒಳಗೇ ಮಾತಿಗೆ ಹಿಡಿದಿದ್ದಳು. ಸುಂದರಿಯ ಕೈಯಲ್ಲಿ ಆಗಲೇ ಪೆನ್ನು ಇತ್ತು.

"ನೋಡು ಸುಂದರಿ" ಎಂದು ರೈಗಳು ಶುರು ಮಾಡಿದರು, "ಇದು ವಿದೇಶದ ಮರ. ನಾಲ್ಕು ಲಕ್ಷಕ್ಕೆ ಒಂದು ಪೈಸೆ ಕಮ್ಮಿ ಇಲ್ಲ. ನೆಬೀಸಕ್ಕನೇ ಹೇಳ್ತಾರೆ ಈಗ."

ಅವಳು ಅಣ್ಣನ ಮಾತು ಕೇಳಿದಂತೆ ಕಾಣಲಿಲ್ಲ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಮುಚ್ಚಳ ಎತ್ತಿ ಮುಖವನ್ನು ಒಳಗೆ ಬಗ್ಗಿಸಿದಳು. ಎರಡು ಸಲ ಉಸಿರೆಳೆದಳು. ಮೂರನೆಯ ಸಲ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಸೆರಗಿನ ತುದಿ ಪೆಟ್ಟಿಗೆಯ ಅಂಚಿಗೆ ಅಂಟಿಕೊಂಡಿತ್ತು. ಎಳೆದಾಗ ಕರಿ ಪಟ್ಟೆ ಬಿತ್ತು.

"ಅಮ್ಮನ ಸೀರೆ ಎಲ್ಲಿ?"

"ಅಲ್ಲಿ ಉಂಟಲ್ಲ, ಗೊಬ್ಬರದ ಗೋಣಿಯಲ್ಲಿ ಕಟ್ಟಿಟ್ಟದ್ದು. ಎಣ್ಣೆ ಹಚ್ಚುವಾಗ ತೆಗೆಯದಿದ್ರೆ ಹೇಗೆ?"

ಸುಂದರಿ ಬಾಗಿಲ ಹಿಂದಿನ ಗೋಣಿ ನೋಡಿದಳು. ನಂತರ ಪೆನ್ನಿಗೆ ಮುಚ್ಚಳ ಹಾಕಿದಳು.

"ಅಣ್ಣ, ನೀನು ಬೆಲೆ ಹೇಳುದೇ ಬೇಡ ಇತ್ತು. ನಾನು ಸೈ ಹಾಕ್ಲಿಕ್ಕೇ ಬಂದದ್ದು. ಅಮ್ಮ ಮದುವೆ ದಿನ ಇದರಿಂದ ಒಂದೊಂದೇ ಸೀರೆ ತೆಗೆದು ನನ್ನ ಮಡಿಲಿಗೆ ಹಾಕಿದ್ದು. ಆ ಪರಿಮಳ ಮನೆಗೆ ತಗೊಂಡು ಹೋಗುವ ಅಂತ ಮಾತ್ರ ಇತ್ತು ನನಗೆ. ಜಾಗ ನಿನಗೇ ಇರ್ಲಿ ಅಂತ ಗಂಡನಿಗೂ ಹೇಳಿ ಬಂದಿದ್ದೆ."

"ಅದೇ ಪೆಟ್ಟಿಗೆಯಲ್ಲವಾ ಇದು? ಸೈ ಹಾಕು ಮತ್ತೆ" ಎಂದರು ರೈಗಳು. ಆಗಲೂ ಅವರಿಗೆ ಅರ್ಥವಾಗಿರಲಿಲ್ಲ.

"ಅಲ್ಲ" ಎಂದಳು ಸುಂದರಿ. "ನಾಲ್ಕು ಲಕ್ಷದ್ದು ನೀನೇ ಇಟ್ಟುಕೋ. ನನ್ನ ಇಪ್ಪತ್ತೈದು ಸೆಂಟ್ಸಿಗೆ ಸರ್ವೆಯವರನ್ನು ಕರೆಸು."

ಅವಳು ಗೋಣಿಯನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡು ಅಂಗಳಕ್ಕಿಳಿದಳು. ರೈಗಳು ಬೆನ್ನ ಹಿಂದೆ ಏನೇನೋ ಕೂಗಿದರು. ಮನೆಯ ಮರ್ಯಾದೆ ಅಂದರು, ಅಮ್ಮನ ಆತ್ಮ ಅಂದರು. ಅವಳು ತಿರುಗಲಿಲ್ಲ. ಕೈಗೆ ಬಂದ ತುತ್ತನ್ನು ಬಾಯಿಗೆ ಹೋಗದಂತೆ ತಾನೇ ತಟ್ಟಿ ಬೀಳಿಸಿಕೊಂಡ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪಾಪ ಅನ್ನಿಸಲಿಲ್ಲ. ಬೊಕ್ಕೆ ಎದ್ದ ಆ ಹುಡುಗನ ಕೈ ನೋಡಿ ಕೂಡ ಅನ್ನಿಸಲಿಲ್ಲ.

ಕೊನೆಗೆ ಅವರು ನನ್ನ ಮೇಲೆ ತಿರುಗಿದರು. "ನೀವು ಎಂತ ಬಾಯಿ ಮುಚ್ಚಿ ನಿಂತದ್ದು? ಬೆಲೆ ಹೇಳ್ಲಿಕ್ಕೆ ಅಲ್ಲವಾ ಕರೆದದ್ದು?"

ಹೌದು, ಕರೆದದ್ದು ಅದಕ್ಕೇ. ಕರೆದ ಕೆಲಸ ಮಾಡದೆ ಹೋಗುವ ಅಭ್ಯಾಸ ನನಗಿಲ್ಲ. ಚೀಲದಿಂದ ಬಿಲ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ತಾರೀಕು ಹಾಕಿ, ನಿಧಾನಕ್ಕೆ ಬರೆದೆ. ಸೀಡರ್ ಪೆಟ್ಟಿಗೆ, ಒಂದು. ಎಣ್ಣೆ ಹಚ್ಚುವ ಮೊದಲು ಬೆಲೆ: ರಸ್ತೆ ಬದಿಯ ಇಪ್ಪತ್ತೈದು ಸೆಂಟ್ಸ್ ಜಾಗ. ಹಚ್ಚಿದ ಮೇಲೆ: ಏನೂ ಇಲ್ಲ.

"ಸೌದೆಯ ಬೆಲೆಯಾದ್ರೂ ಬರೆಯಬೇಕಲ್ಲ" ಎಂದ ಅವಿನ್, ಮೂಲೆಯಿಂದ.

"ಒಲೆಗೆ ಹಾಕಿದ್ರೆ ಗೇರೆಣ್ಣೆಯ ಹೊಗೆಗೆ ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ ಮಗ" ಎಂದು ಹೇಳಿ, ಚೀಟಿ ಹರಿದು ಅವನಪ್ಪನ ಕೈಗೆ ಕೊಟ್ಟೆ.