ಹೊರಸಿನ ನುಲಿ

ಬಂಡಮ್ಮನ ಕಾಲಿನ ಬೊಬ್ಬೆ ಸೋಮವಾರ ಬೆಳಿಗ್ಗೆ ಒಡೆಯಿತು. ಹಿಮ್ಮಡಿಯ ಮೇಲೆ, ಕೀಲಿನ ಹತ್ತಿರ. ಒಳಗಿನಿಂದ ಬಿಳಿ ದಾರದಂಥದ್ದು ತಲೆ ಹಾಕಿತು. ನಾರುಹುಣ್ಣು. ಜಗ್ಗಿದರೆ ಹುಳ ಹರಿದು ಕಾಲು ಕೊಳೆಯುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ಒಂದೂವರೆ ತಿಂಗಳು ಬೇಕು, ಅಷ್ಟೂ ದಿನ ಕೆಂಡ ಮೆಟ್ಟಿದ ಉರಿ.

"ನಿನಗೂ ಬಂತೇನು?" ನುಲಿ ಹೆಣೆದ ಹೊರಸಿನ ಮೇಲೆ ಮಲಗಿದ್ದ ಗಂಡ ಪಾಂಡಪ್ಪ ಕೇಳಿದ. ಹೋದ ವರ್ಷ ಇದೇ ದಿನಗಳಲ್ಲಿ ಅವನ ಮೊಳಕಾಲಿಗೆ ಬಂದಿತ್ತು. ಹುಳ ಒಳಗೇ ಹರಿದು, ಮಡಚಿದ ಕಾಲು ಮಡಚಿಯೇ ಉಳಿಯಿತು.

"ಬಂತು. ನಿಂದೇ ನನಗ ಬಂದದ."

ಅವಳು ಬೈಯಲಿಲ್ಲ, ಇದ್ದದ್ದನ್ನೇ ಹೇಳಿದಳು.

ತಾಂಡೂರಿನ ಆಚೆ, ಕರಣಕೋಟದ ದಾರಿಯಲ್ಲಿ ಗುತ್ತೇದಾರ ವೈಜಿನಾಥರಾವನ ಖಣಿ, ನೆಲಕ್ಕೆ ಹಾಸುವ ಫರಸಿಕಲ್ಲಿನದು. ಅರವತ್ತು ಆಳು. ಮೂರು ದಿನ ಬರದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತಿತ್ತು. ಹೆಸರು ಹೋದರೆ ಅವನ ನೆಲದ ಮೇಲಿನ ಗುಡಿಸಲೂ ಹೋಗುತ್ತಿತ್ತು. ಆದರೆ ಕಾಲು ಒಡೆದವರಿಗಾಗಿ ನಾಲ್ಕು ವರ್ಷದ ಹಿಂದೆ ಧಣಿ ಒಂದು ದಾರಿ ಮಾಡಿದ್ದ. ಅವರು ಕಲ್ಲು ಹೊರುವುದು ಬೇಡ, ಎಲ್ಲರಿಗೂ ಕುಡಿಯುವ ನೀರು ತುಂಬಲಿ, ಅರ್ಧ ಕೂಲಿ.

ನೀರು ಇದ್ದದ್ದು ಹಳೆಯ ಖಣಿಯ ಹೊಂಡದಲ್ಲಿ. ಕಲ್ಲಲ್ಲೇ ಕಡಿದ ಮೆಟ್ಟಿಲು ಇಳಿದು, ಮೊಳಕಾಲುದ್ದ ನೀರಲ್ಲಿ ನಿಂತು ಕೊಡ ತುಂಬಿ ಮೇಲೆ ಕೊಡಬೇಕು. ನೀರು ತಣ್ಣಗೆ. ಕಾಲಿಟ್ಟರೆ ಉರಿ ಇಳಿದು ಕಣ್ಣು ಮುಚ್ಚಿ ಬರುತ್ತಿತ್ತು. "ಧಣಿ ದೇವರಂಥಾವ" ಎಂದು ಪಾಂಡಪ್ಪ ಅದೇ ನೀರಲ್ಲಿ ನಿಂತು ಕೈ ಮುಗಿದಿದ್ದ. ಕಲ್ಲು ಕೊಳ್ಳಲು ಬಂದವರ ಮುಂದೆ ಧಣಿ ಹಾಜರಿ ಪುಸ್ತಕ ತೆರೆದು ತೋರಿಸುತ್ತಿದ್ದ. ನೋಡ್ರಿ, ನಮ್ಮಲ್ಲಿ ಬೀಮಾರಿ ಅಂತ ಒಬ್ಬರೂ ಗೈರಹಾಜರಿ ಇಲ್ಲ.

ಮೊದಲ ವರ್ಷ ಕುಂಟಿದವರು ಇಬ್ಬರು. ಮರುವರ್ಷ ಒಂಬತ್ತು. ಆಮೇಲೆ ಇಪ್ಪತ್ತು ದಾಟಿತು. ಹಣೆಬರಹ ಅಂದರು, ಕೆಟ್ಟ ಗಾಳಿ ಅಂದರು, ಕುರಿ ಕಡಿದರು.

ಈ ವರ್ಷ ಬೇಸಿಗೆ ಹತ್ತುವಾಗ ಹೈದರಾಬಾದಿನಿಂದ ಸರ್ಕಾರಿ ಡಾಕ್ಟರೊಬ್ಬರು ಬಂದರು. ಹೊಂಡದ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು ಬಂಡಮ್ಮನಿಗೇ ತೋರಿಸಿದರು. ಸಾಸಿವೆಗಿಂತ ಸಣ್ಣವು ಅದರಲ್ಲಿ ಕುಣಿಯುತ್ತಿದ್ದವು.

"ಅಮ್ಮಾ, ಒಡೆದ ಕಾಲು ನೀರಾಗ ಇಟ್ರ ಹುಳದ ಮರಿ ನೀರಿಗಿ ಬೀಳ್ತಾವ. ಲೋಟದಾಗಿನ ಇವು ಅವನ್ನ ತಿಂತಾವ. ಈ ನೀರು ಕುಡಿದವರ ಕಾಲು ಬರೋ ವರ್ಷ ಒಡೀತದ. ಕಾಲು ಒಡೆದವರು ನೀರಿಗಿ ಇಳೀಬಾರದು."

ಮೆಟ್ಟಿಲು ಮುಚ್ಚಿಸಿ, ಮೇಲಿಂದ ಸೇದಲು ಹಗ್ಗ ಗಡಗಡಿ ಹಾಕಿಸಿ, ಸೋಸಲು ದಪ್ಪ ಬಟ್ಟೆ ಕೊಡಿ ಎಂದು ಧಣಿಗೂ ಹೇಳಿದರು. ಧಣಿ ಹೂಂ ಅಂದ, ಊಟ ಹಾಕಿಸಿದ, ರೈಲು ಹತ್ತಿಸಿದ. ಮೆಟ್ಟಿಲು ಇದ್ದ ಹಾಗೇ ಇತ್ತು. ಲಡಾಯಿಯ ಕಾಲ, ಬಟ್ಟೆಯೆಲ್ಲ ಫೌಜಿಗೆ ಹೋಗುತ್ತಿದೆ, ದಪ್ಪ ಬಟ್ಟೆ ಎಲ್ಲಿಂದ ತರಲಿ ಅಂದನಂತೆ. ಅವನ ಬಂಗಲೆಯ ಕಿಟಕಿಗಳಿಗೆ ಪರದೆ ಮಾತ್ರ ಎರಡು ಪದರದವು.

ಬಂಡಮ್ಮ ಬೊಬ್ಬೆ ನೋಡಿಕೊಂಡು ಕೂತಳು. ಮಗಳು ಲಚ್ಚಮ್ಮ ಅದೇ ಖಣಿಯಲ್ಲಿ ಕಲ್ಲಿನ ಚೂರು ಹೊರುತ್ತಾಳೆ. ಐದು ತಿಂಗಳ ಬಸುರಿ. ಅವಳ ಕಾಲು ಇನ್ನೂ ನೆಟ್ಟಗಿದೆ. ಈಗ ತಾಯಿಯೇ ನೀರಿಗಿಳಿದು ಮಗಳ ಮೈಯಲ್ಲಿ ಹುಳ ಬಿತ್ತಬೇಕೇ?

"ಮ್ಯಾಲಿಂದ ಸೇದ್ತೀನಿ. ನೀ ಏಳು, ಹೊರಸು ಬಿಚ್ಚತೀನಿ," ಎಂದಳು.

"ನಾ ಎಲ್ಲಿ ಮಲಗ್ಲೇ?"

"ನೆಲದ ಮ್ಯಾಲ."

ಪಾಂಡಪ್ಪ ತೆವಳಿ ಕೆಳಗಿಳಿದು, ತಾನೂ ಒಂದು ತುದಿ ಹಿಡಿದು ನುಲಿ ಬಿಚ್ಚತೊಡಗಿದ.

ಆ ನುಲಿ ಕೊಡಕ್ಕೆ ಕಟ್ಟಿ ಮೂರು ದಿನ ಬಂಡಮ್ಮ ಹೊಂಡದ ದಂಡೆಯಲ್ಲಿ ನಿಂತು ಒಂಟಿ ಕಾಲಿನ ಮೇಲೆ ಭಾರ ಹಾಕಿ ಸೇದಿದಳು. ಕೆಳಗಿಳಿದರೆ ದಿನಕ್ಕೆ ನಲವತ್ತು ಕೊಡ ಆಗುತ್ತಿತ್ತು, ಮೇಲಿಂದ ಹದಿನೈದು ಆದರೆ ಹೆಚ್ಚು. ಕಲ್ಲು ಸೀಳುವವರು ಗಂಟಲು ಒಣಗಿಸಿಕೊಂಡು ಬಂದು ಖಾಲಿ ಕೊಡ ನೋಡಿ ಅವಳನ್ನೇ ಬೈದರು. ಬೈಯಲಿ ಬಿಡಿ, ಬಿಸಿಲು ಹಾಗಿತ್ತು. ಮೂರನೆಯ ದಿನ ನುಲಿ ಕಲ್ಲಂಚಿಗೆ ತಿಕ್ಕಿ ತಿಕ್ಕಿ ಹರಿಯಿತು. ಕೊಡ ಹೊಂಡ ಸೇರಿತು.

ಆಳುಗಳ ಮೇಲಿನ ಮುಕಾದಮ ತುಳಜಪ್ಪ ಹಾಜರಿ ಪುಸ್ತಕ ಹಿಡಿದು ಬಂದ.

"ಸಾಕು ನಿನ್ನ ಆಟ. ಕೆಳಗಿಳಿ."

"ತುಳಜಪ್ಪಣ್ಣಾ, ಕಲ್ಲು ಎಳಿಯೋ ಹಗ್ಗ ಒಂದು ಕೊಡ್ರಿ. ಇಬ್ಬರು ನಿಂತು ಸೇದ್ತೀವಿ."

"ಅದು ಕಲ್ಲಿನ ಹಗ್ಗ. ನೀರಿಗಿ ಕೊಡಾಂಗಿಲ್ಲ."

"ಡಾಕ್ಟರ್ ಹೇಳಿದ್ದು ನೀವೂ ಕೇಳೀರಿ. ನಿಮ್ಮ ಕಾಲೂ ಹೋದ ವರ್ಷ ಒಡೆದಿತ್ತು."

ತುಳಜಪ್ಪ ತನ್ನ ಕಾಲು ನೋಡಿಕೊಂಡ. ಅವನ ದನಿ ಸಣ್ಣದಾಯಿತು. "ಕೇಳೀನಿ. ಏನ್ ಮಾಡ್ಲಿ? ನೀರು ಕಮ್ಮಿ ಬಿದ್ರ ನನ್ನ ಹೆಸರೇ ತೆಗೀತೀನಿ ಅಂದಾನ ಧಣಿ. ಇಳೀತಿಯೋ ಇಲ್ಲೋ?"

"ಇಳಿಯಂಗಿಲ್ಲ."

ತುಳಜಪ್ಪ ಅವಳ ಹೆಸರಿಗೆ ಗೀಟು ಎಳೆದ. ಕಾರಣದ ಅಂಕಣದಲ್ಲಿ ಬೀಮಾರಿ ಅಂತ ಬರೆಯಲಿಲ್ಲ. ಹೇಳಿದ ಮಾತು ಕೇಳಲಿಲ್ಲ ಅಂತ ಬರೆದ. ಪುಸ್ತಕ ಶುದ್ಧವಾಗೇ ಉಳಿಯಿತು. "ನಾಳಿ ಸಂಜಿಗಿ ಗುಡಸಲಾ ಖಾಲಿ ಮಾಡ್ರಿ," ಎಂದು ಹೇಳಿ, ತಿರುಗಿ ಪೀರಮ್ಮನನ್ನು ಕರೆದ.

ಪೀರಮ್ಮ ಪಕ್ಕದ ಗುಡಿಸಲಿನವಳು, ಗಂಡ ಸತ್ತವಳು, ಮೂರು ಮಕ್ಕಳ ತಾಯಿ. ಅವಳ ಕಾಲು ನಿನ್ನೆ ಒಡೆದಿತ್ತು. ಬಂಡಮ್ಮ ಮೆಟ್ಟಿಲಿಗೆ ಅಡ್ಡ ಕೂತಳು.

"ಪೀರವ್ವಾ, ಬ್ಯಾಡ. ಆ ನೀರು ನಿನ್ನ ಮಕ್ಕಳೂ ಕುಡೀತಾವ."

"ಗೊತ್ತದ ಅಕ್ಕಾ," ಪೀರಮ್ಮ ಅಂದಳು. "ಅದು ಬರೋ ವರ್ಷದ ಮಾತು. ಅವರಿಗಿ ಇವತ್ತು ರೊಟ್ಟಿ ಬೇಕು. ಅತ್ಲಾಗ ಸರಿ."

ಬಂಡಮ್ಮ ಸರಿಯಲಿಲ್ಲ. ಪೀರಮ್ಮ ಅವಳ ಭುಜ ಹಿಡಿದು, ಮೆಲ್ಲಗೆ ದಾಟಿ, ಇಳಿದಳು. ನೀರು ಕಾಲಿಗೆ ತಾಗಿದೊಡನೆ ಅವಳ ಮುಖ ಸಡಿಲಾಯಿತು. ಬಂಡಮ್ಮನಿಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕೋ ಅವನು ಅಲ್ಲಿರಲಿಲ್ಲ.

ಮಧ್ಯಾಹ್ನ ಲಚ್ಚಮ್ಮ ಬುಟ್ಟಿ ಇಳಿಸಿ ಬಂದಳು. ಬಾಯಾರಿ ತುಟಿಗಳು ಒಡೆದಿದ್ದವು. ಪೀರಮ್ಮ ತುಂಬಿಕೊಟ್ಟ ಕೊಡದ ನೀರು ಸೋಸಲೆಂದು ತಂಬಿಗೆಯ ಬಾಯಿಗೆ ಸೆರಗು ಹಾಸಿದಳು. ಸೆರಗಿನ ತೂತುಗಳಲ್ಲಿ ಬೆರಳು ತೂರುತ್ತಿತ್ತು. ಬಂಡಮ್ಮ ಅವಳ ಕೈ ಹಿಡಿದಳು.

"ಕುಡೀಬ್ಯಾಡ."

"ಮತ್ತೇನು ಕುಡೀಲಿ ಎವ್ವಾ?"

ಆಚೆ ಬಂಗಲೆಯ ಬಾವಿಯಲ್ಲಿ ಗಡಗಡಿ ಕಿರುಗುಟ್ಟುತ್ತಿತ್ತು. ಧಣಿಯ ಕುದುರೆಗೆ ನೀರು ಸೇದುವ ಹೊತ್ತು. ಆ ಬಾವಿಯ ಹತ್ತಿರ ಆಳುಗಳನ್ನು ಬಿಡುತ್ತಿರಲಿಲ್ಲ.

ಬಂಡಮ್ಮನ ಕೈ ತಾನಾಗಿ ಸಡಿಲವಾಯಿತು. ಲಚ್ಚಮ್ಮ ಎರಡು ತಂಬಿಗೆ ಕುಡಿದಳು.