ಐವಿಯ ಖಾರ

ಜಮೈಕಾದ ಅಲ್ರಿಕ್ ಕೋಸ್ಟರಿಕಾದ ಕಾವೀತಾಕ್ಕೆ ಬಂದದ್ದು ಕಡಲು ನೋಡಲಿಕ್ಕಲ್ಲ. ಕಡಲು ಅವನ ಊರಲ್ಲೂ ಬೇಕಾದಷ್ಟಿತ್ತು. ಅವನ ಅಮ್ಮ ಐವಿ ಹುಟ್ಟಿದ್ದು ಕಾವೀತಾದಲ್ಲಿ. ಮದುವೆಯಾಗಿ ಜಮೈಕಾ ಸೇರಿದ ಮೇಲೂ ಭಾನುವಾರ ತಪ್ಪದೆ ರೊಂಡೊನ್ ಬೇಯಿಸುತ್ತಿದ್ದಳು: ತೆಂಗಿನ ಹಾಲಿನಲ್ಲಿ ಮೀನು, ಮರಗೆಣಸು, ಬಾಳೆಕಾಯಿ. ಅವಳು ತೀರಿಹೋದ ಮೇಲೆ ಅಲ್ರಿಕ್ ತಾನೇ ಮಾಡಿ ನೋಡಿದ, ಕಂಡಕಂಡವರ ಮನೆಯಲ್ಲಿ ತಿಂದು ನೋಡಿದ. ಆ ರುಚಿ ಸಿಗಲಿಲ್ಲ. ಇನ್ನು ಉಳಿದವಳು ಅಮ್ಮನ ಅಕ್ಕ ಲೀಟಾ ಒಬ್ಬಳೇ.

ಲೀಟಾಳ ಒಲೆಯ ಮೇಲೆ ಹಾಲು ಕುದಿಯುತ್ತಿತ್ತು. ಅದರ ಮೇಲೊಂದು ಇಡೀ ಮೆಣಸಿನಕಾಯಿ, ಮಹಾರಾಣಿ ದೋಣಿವಿಹಾರಕ್ಕೆ ಹೊರಟ ಹಾಗೆ, ತೇಲುತ್ತಿತ್ತು.

"ಸೌಟು ಹಾಕೀಯ, ಜೋಕೆ! ಬೇಕಾದ್ರೆ ಪಾತ್ರೆ ಹಿಡ್ದು ಅಲ್ಲಾಡ್ಸು. ಕಾಯಿ ಪರಿಮಳಕ್ಕೆ ಮಾತ್ರ, ಆಮೇಲೆ ಇಡಿಯಾಗೇ ತೆಗೀತೀನಿ," ಎಂದು ಹೇಳಿ ಅವಳು ಕೊತ್ತಂಬರಿ ತರಲು ಹಿತ್ತಲಿಗೆ ಹೋದಳು.

ಅಲ್ರಿಕ್ ಮೇಲಿನ ಹಾಲನ್ನು ಚಮಚದಲ್ಲಿ ತೆಗೆದು ನೆಕ್ಕಿದ. ಸೊಗಸಾಗಿತ್ತು. ಆದರೆ ಅಮ್ಮನದಲ್ಲ. ಇಷ್ಟು ದೂರ ಬಂದೂ ಇಲ್ಲವೇ? ತಳದಲ್ಲಾದರೂ ಇದ್ದೀತೆಂದು ಸೌಟು ಇಳಿಸಿ ಒಮ್ಮೆ ತಿರುವಿದ. ಮಹಾರಾಣಿಯ ಹೊಟ್ಟೆ ಒಡೆದು ಬೀಜವೆಲ್ಲ ಹಾಲಿಗೆ ಚೆಲ್ಲಿತು.

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಲೀಟಾ ಬಾಗಿಲಲ್ಲೇ ಕೂಗಿದಳು. "ಪಾದ್ರಿಗಳನ್ನ ಊಟಕ್ಕೆ ಕರ್ದಿದ್ದೀನಲ್ಲೋ! ಇದನ್ನ ತಿಂದ್ರೆ ಅವ್ರು ನರಕನ ಓದಿ ಹೇಳೋದಿಲ್ಲ, ನೋಡಿ ಹೇಳ್ತಾರೆ! ಅವ್ರಿಗೆ ಬೇರೆ ಮಾಡ್ತೀನಿ. ಇದನ್ನ ಪೂರ್ತಿ ನೀನೇ ತಿನ್ನು."

ಅಲ್ರಿಕ್ ತಿಂದ. ನಾಲಗೆ ಉರಿಯಿತು, ಕಿವಿ ಬಿಸಿಯಾಯಿತು, ಮೂಗು ಸೋರಿತು. ಎರಡನೆಯ ತುತ್ತಿಗೆ ಕೈ ನಿಂತುಬಿಟ್ಟಿತು.

"ದೊಡ್ಡಮ್ಮಾ... ಇದೇ! ಅಮ್ಮ ಮಾಡ್ತಿದ್ದದ್ದು ಇದೇ!"

ಲೀಟಾ ಅವನನ್ನೇ ದಿಟ್ಟಿಸಿದಳು. "ಅಲ್ಲಿಗೆ ಹೋಗಿಯೂ ಕಾಯಿ ಒಡೀತಾನೇ ಇದ್ಳಾ?" ಎಂದವಳು ಸೊಂಟದ ಮೇಲೆ ಕೈಯಿಟ್ಟು, ಮೂಗಿನಲ್ಲಿ ರಾಗ ಎಳೆದಳು: "'ನಾನಲ್ಲಕ್ಕಾ, ಅದೇ ಒಡ್ಕೊಳ್ತು!' ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಇದೇ ಗೋಳು. ಅವ್ಳ ಜೊತೆ ನಂಗೂ ಏಟು."

ಥೇಟ್ ಅಮ್ಮನ ದನಿ. ಅಲ್ರಿಕ್ ನಕ್ಕು ಇನ್ನೊಂದು ತುತ್ತಿಗೆ ಕೈ ಹಾಕಿದ.

ಲೀಟಾ ಕುರ್ಚಿ ಎಳೆದು ತಟ್ಟೆ ಚಾಚಿದಳು. "ನಂಗೂ ಹಾಕು."

"ತುಂಬಾ ಖಾರ, ದೊಡ್ಡಮ್ಮ."

"ಹಾಕೋ, ಕಂಡಿದ್ದೀನಿ."

ಒಂದು ತುತ್ತಿಗೇ ಹಾ ಹಾ ಎಂದಳು, ಗಟಗಟನೆ ನೀರು ಕುಡಿದಳು, ತಂಗಿಯನ್ನು ಬಾಯ್ತುಂಬ ಬೈದಳು. ಮತ್ತೆ ತಟ್ಟೆ ಮುಂದೆ ಮಾಡಿದಳು.